ಜನಸಂಖ್ಯೆಯ ಚಿತ್ರದ ಜೊತೆ ಕೋಷ್ಟಕವೂ ಬರಲಿ

ಮಾನ್ಯ ಸಂಪಾದಕರೇ,

ಜನಗಣತಿಯದೋ ಆರೋಗ್ಯ ಸಮೀಕ್ಷೆಯದೋ ವರದಿ ಹೊರಬಿದ್ದಾಗಲೆಲ್ಲ ಪತ್ರಿಕೆಗಳಲ್ಲಿ ಬಣ್ಣದ ನಕ್ಷೆಗಳೂ ಸ್ತಂಭಚಿತ್ರಗಳೂ ಬರುತ್ತವೆ. ವರದಿಯನ್ನು ಪೂರ್ತಿ ಓದದವರೂ ಚಿತ್ರವನ್ನು ನೋಡಿಯೇ ನೋಡುತ್ತಾರೆ. ಯಾವ ಪ್ರದೇಶ ಹಿಂದುಳಿದಿದೆ, ಯಾರಿಗೆ ಸೌಲಭ್ಯ ತಲುಪಿಲ್ಲ ಎಂಬ ಅಭಿಪ್ರಾಯ ಅಲ್ಲೇ ಗಟ್ಟಿಯಾಗಿಬಿಡುತ್ತದೆ. ಚಿತ್ರ ತಪ್ಪಿದರೆ ಅಭಿಪ್ರಾಯವೂ ತಪ್ಪುತ್ತದೆ, ಅದನ್ನು ಮರುದಿನದ ತಿದ್ದುಪಡಿಯಿಂದ ಸರಿಪಡಿಸಲಾಗುವುದಿಲ್ಲ. ಇಂಥ ಚಿತ್ರಗಳನ್ನು ಸರಿಯಾಗಿ ಮಾಡುವ ಸಾಧನಗಳು ಇಂದು ಉಚಿತವಾಗಿಯೇ ಸಿಗುತ್ತವೆ. ಅವನ್ನು ಬಳಸುವಾಗ ಎಲ್ಲಿ ಎಡವಟ್ಟಾಗುತ್ತದೆ, ಏಕಾಗುತ್ತದೆ ಎಂಬುದನ್ನು ನಿಮ್ಮ ಪುಟ ವಿನ್ಯಾಸಕರಿಗೂ ಶಿಕ್ಷಕರಿಗೂ ಸಂಘಟನೆಗಳ ಕಾರ್ಯಕರ್ತರಿಗೂ ಉಪಯೋಗವಾದೀತೆಂದು ಬರೆಯುತ್ತಿದ್ದೇವೆ.

ಮೊದಲು ಸರಾಸರಿಯ ವಿಚಾರ. ಇಡೀ ಜನಸಂಖ್ಯೆಗೆ ಒಂದೇ ಅಂಕಿ ಕೊಟ್ಟರೆ ಯಾರಿಗೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂಬುದು ಅದರೊಳಗೆ ಮುಚ್ಚಿಹೋಗುತ್ತದೆ. 2015ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ 17.18ನೇ ಅಂಶ ಇರುವುದೇ ಇದಕ್ಕಾಗಿ. ಅಂಕಿಅಂಶಗಳನ್ನು ವರಮಾನ, ಲಿಂಗ, ವಯಸ್ಸು, ಜನಾಂಗ, ವಲಸೆ, ಅಂಗವೈಕಲ್ಯ, ವಾಸಸ್ಥಳಗಳ ಪ್ರಕಾರ ಬಿಡಿಸಿ ಕೊಡಬೇಕು ಎನ್ನುತ್ತದೆ ಅದು. ಹೀಗೆ ಬಿಡಿಸಿದ್ದನ್ನು ತೋರಿಸಲು ನಮ್ಮ ಪ್ರಕಾರ ಅತ್ಯುತ್ತಮ ಚಿತ್ರವೆಂದರೆ ಚುಕ್ಕಿಗಳದ್ದು. ಬ್ರೆಜಿಲ್‌ನ ಪೆಲೋಟಾಸ್‌ನಲ್ಲಿರುವ ಆರೋಗ್ಯ ಸಮತೆಯ ಅಧ್ಯಯನ ಕೇಂದ್ರ ಇದನ್ನು ಈಕ್ವಿಪ್ಲಾಟ್ ಎಂದು ಕರೆಯುತ್ತದೆ. ಒಂದೊಂದು ವರ್ಷಕ್ಕೆ ಒಂದೊಂದು ಅಡ್ಡಗೆರೆ. ಕುಟುಂಬಗಳನ್ನು ಸಂಪತ್ತಿನ ಪ್ರಕಾರ ಐದು ಸಮಭಾಗ ಮಾಡಿ, ಆ ಗೆರೆಯ ಮೇಲೆ ಐದು ಚುಕ್ಕಿ ಇಟ್ಟರೆ ಮುಗಿಯಿತು; ಒಂದು ಭಾಗದಲ್ಲಿ ಸೇವೆ ಸಿಕ್ಕವರ ಶೇಕಡಾ ಪ್ರಮಾಣ ಹೆಚ್ಚಿದಷ್ಟೂ ಅದರ ಚುಕ್ಕಿ ಬಲಕ್ಕೆ. ಗೆರೆ ಉದ್ದವಾದಷ್ಟೂ ಅಂತರ ಹೆಚ್ಚು.

ಈ ಚಿತ್ರದ ಬೆಲೆ ತಿಳಿಯುವುದು ನಡುವಿನ ಮೂರು ಚುಕ್ಕಿಗಳಿಂದ. ನಾಲ್ಕು ಚುಕ್ಕಿ ಎಡಕ್ಕೆ ಗುಂಪಾಗಿದ್ದು ಐದನೆಯದು ಮಾತ್ರ ಬಲಕ್ಕೆ ದೂರ ಹೋಗಿದ್ದರೆ, ಆ ಸೇವೆ ಸಿರಿವಂತರಿಗಷ್ಟೇ ಸಿಗುತ್ತಿದೆ. ಎಲ್ಲರಿಗೂ ತಲುಪಿಸುವ ಕಾರ್ಯಕ್ರಮವೇ ಬೇಕು. ನಾಲ್ಕು ಬಲಕ್ಕಿದ್ದು ಒಂದು ಮಾತ್ರ ಎಡಕ್ಕೆ ಉಳಿದಿದ್ದರೆ, ಕಡುಬಡವರು ಹೊರಗುಳಿದಿದ್ದಾರೆ; ಅವರನ್ನೇ ಹುಡುಕಿಕೊಂಡು ಹೋಗಬೇಕು. ತುದಿಯ ಎರಡು ಗುಂಪುಗಳನ್ನಷ್ಟೇ ಹೋಲಿಸಿ ಬರೆದರೆ ಎರಡೂ ಸನ್ನಿವೇಶ ಒಂದೇ ಥರ ಕಾಣುತ್ತವೆ, ಪರಿಹಾರ ಮಾತ್ರ ಪೂರ್ತಿ ಬೇರೆ.

ಅಂತರವನ್ನು ಅಳೆಯುವಾಗ ಇನ್ನೊಂದು ತೊಡಕಿದೆ. ಬಡ ಕುಟುಂಬಗಳಲ್ಲಿ ಶಿಶುಮರಣ ಸಾವಿರ ಜನನಕ್ಕೆ 80 ಇದ್ದದ್ದು 40ಕ್ಕೆ ಇಳಿಯಿತು, ಸಿರಿವಂತ ಕುಟುಂಬಗಳಲ್ಲಿ 40 ಇದ್ದದ್ದು 15ಕ್ಕೆ ಇಳಿಯಿತು ಎಂದುಕೊಳ್ಳಿ. ಕಳೆದು ನೋಡಿದರೆ ಅಂತರ 40ರಿಂದ 25ಕ್ಕೆ ಇಳಿದಿದೆ; ಅಸಮಾನತೆ ಕಡಿಮೆಯಾಯಿತು ಎನ್ನಬಹುದು. ಭಾಗಿಸಿ ನೋಡಿದರೆ ಮೊದಲು 2 ಪಟ್ಟು ಇದ್ದದ್ದು ಈಗ ಸುಮಾರು 2.7 ಪಟ್ಟಾಗಿದೆ, ಅಸಮಾನತೆ ಹೆಚ್ಚಾಯಿತು ಎನ್ನಬಹುದು. ಎರಡೂ ನಿಜ. ಆಡಳಿತದಲ್ಲಿರುವವರು ಮೊದಲನೆಯದನ್ನೂ ವಿರೋಧದಲ್ಲಿರುವವರು ಎರಡನೆಯದನ್ನೂ ಹಿಡಿದುಕೊಂಡರೆ ಓದುಗರಿಗೆ ಏನೂ ತಿಳಿಯುವುದಿಲ್ಲ. ಆದ್ದರಿಂದ ವ್ಯತ್ಯಾಸ, ಅನುಪಾತ ಎರಡನ್ನೂ ಅಕ್ಕಪಕ್ಕ ಮುದ್ರಿಸಬೇಕು, ಮೂಲ ನಾಲ್ಕು ಅಂಕಿಗಳನ್ನೂ ಬಿಡದೆ ಕೊಡಬೇಕು.

ಅನುಪಾತದಲ್ಲಿ ಮತ್ತೂ ಒಂದು ಬಲೆ ಇದೆ. ಒಂದು ಗುಂಪಿನ ಶೇ 95 ಮಕ್ಕಳಿಗೆ, ಇನ್ನೊಂದರ ಶೇ 90 ಮಕ್ಕಳಿಗೆ ಲಸಿಕೆ ಆಗಿದ್ದರೆ ಅನುಪಾತ 1.06, ಹೆಚ್ಚೇನಿಲ್ಲ ಅನ್ನಿಸುತ್ತದೆ. ಅದೇ ಮಕ್ಕಳಲ್ಲಿ ಲಸಿಕೆ ಆಗದವರನ್ನು ಎಣಿಸಿದರೆ ಶೇ 5 ಮತ್ತು ಶೇ 10, ಅಂದರೆ ಸರಿಯಾಗಿ ಎರಡು ಪಟ್ಟು. ರೋಗ ಬಂದಾಗ ಅಪಾಯಕ್ಕೆ ಸಿಗುವವರು ಲಸಿಕೆ ಆಗದವರೇ ಆದ್ದರಿಂದ ಇಂಥ ಕಡೆ ‘ಸಿಗದವರ’ ಚಿತ್ರವನ್ನೂ ಬರೆಯಬೇಕು ಎಂಬುದು ನಮ್ಮ ಅಭಿಪ್ರಾಯ. ಈ ಲೆಕ್ಕಗಳನ್ನು ಕೈಯಲ್ಲಿ ಮಾಡಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಹೊರತಂದ ಹೀಟ್ ಎಂಬ ಸಾಧನ ದೇಶವಾರು ದತ್ತಾಂಶವನ್ನು ತನ್ನೊಳಗೇ ಇಟ್ಟುಕೊಂಡಿದೆ. ಅದರ ಜೊತೆಯ ಹೀಟ್ ಪ್ಲಸ್‌ಗೆ ನಮ್ಮದೇ ಕೋಷ್ಟಕ ಕೊಡಬಹುದು. ವ್ಯತ್ಯಾಸ, ಅನುಪಾತಗಳ ಜೊತೆಗೆ ನಡುವಿನ ಗುಂಪುಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಸೂಚ್ಯಂಕಗಳನ್ನು ಅದೇ ಲೆಕ್ಕ ಹಾಕಿ ಚಿತ್ರ ಬರೆಯುತ್ತದೆ.

ಎರಡು ಪ್ರದೇಶಗಳ ಸಾವಿನ ದರವನ್ನು ಹೋಲಿಸುವಾಗ ವಯಸ್ಸನ್ನು ಮರೆಯುವುದು ಇನ್ನೊಂದು ದೊಡ್ಡ ತಪ್ಪು. ಸಾವಿರ ಜನರಿಗೆ ಎಷ್ಟು ಸಾವು ಎಂದಷ್ಟೇ ಲೆಕ್ಕ ಹಾಕಿದರೆ, ಜೀವಿತಾವಧಿಯಲ್ಲಿ ಜಗತ್ತಿನ ಮುಂಚೂಣಿಯಲ್ಲಿರುವ ಜಪಾನ್, ಎಳೆಯ ಜನಸಂಖ್ಯೆಯ ಹಲವು ಬಡ ದೇಶಗಳಿಗಿಂತ ಕೆಟ್ಟದಾಗಿ ಕಾಣುತ್ತದೆ. ಅಲ್ಲಿ ವೃದ್ಧರು ಹೆಚ್ಚು, ಅಷ್ಟೇ ಕಾರಣ. ಸರಿಪಡಿಸುವ ಬಗೆ ಕಷ್ಟದ್ದಲ್ಲ. ಒಂದನೇ ಪ್ರದೇಶದಲ್ಲಿ ಕಿರಿಯರ ಮರಣ ದರ ಸಾವಿರಕ್ಕೆ 2, ಹಿರಿಯರದು 40. ಜನರಲ್ಲಿ ಶೇ 70 ಕಿರಿಯರು, ಶೇ 30 ಹಿರಿಯರು ಎನ್ನಿ. ಒಟ್ಟು ದರ 1.4 ಮತ್ತು 12 ಕೂಡಿ 13.4. ಎರಡನೇ ಪ್ರದೇಶದಲ್ಲಿ ಕಿರಿಯರ ದರ 3, ಹಿರಿಯರದು 50. ಕಿರಿಯರು ಶೇ 90, ಹಿರಿಯರು ಶೇ 10. ಒಟ್ಟು ದರ 2.7 ಮತ್ತು 5 ಕೂಡಿ 7.7. ಎರಡೂ ವಯಸ್ಸಿನಲ್ಲಿ ಹೆಚ್ಚು ಸಾವು ಕಾಣುತ್ತಿರುವ ಎರಡನೇ ಪ್ರದೇಶವೇ ಪಟ್ಟಿಯಲ್ಲಿ ಮೇಲೆ ಬಂದಿದೆ! ಈಗ ಎರಡಕ್ಕೂ ಒಂದೇ ಅಳತೆ ಹಿಡಿಯಿರಿ: ಶೇ 80 ಕಿರಿಯರು, ಶೇ 20 ಹಿರಿಯರು. ಮೊದಲನೆಯದು 1.6 ಮತ್ತು 8 ಕೂಡಿ 9.6, ಎರಡನೆಯದು 2.4 ಮತ್ತು 10 ಕೂಡಿ 12.4. ನಿಜ ಸ್ಥಿತಿ ಹೊರಬಂತು. ನಿಜವಾದ ದತ್ತಾಂಶದಲ್ಲಿ ಎರಡು ವಯೋಗುಂಪಿನ ಬದಲು ಐದೈದು ವರ್ಷದ ಗುಂಪುಗಳಿರುತ್ತವೆ, ಲೆಕ್ಕದ ಕ್ರಮ ಇದೇ. ಯಾವ ವಯೋರಚನೆಯನ್ನು ಅಳತೆಯಾಗಿ ಹಿಡಿದಿದ್ದೀರಿ ಎಂಬುದನ್ನು ಚಿತ್ರದ ಕೆಳಗೆ ಹೇಳಬೇಕು. ಅದು ಬದಲಾದರೆ ಉತ್ತರವೂ ಬದಲಾಗುತ್ತದೆ.

ವಯೋರಚನೆಯನ್ನೇ ತೋರಿಸುವ ಜನಸಂಖ್ಯಾ ಪಿರಮಿಡ್ ಮಾಡಲು ಲಿಬ್ರೆಆಫೀಸ್ ಕ್ಯಾಲ್ಕ್ ಎಂಬ ಉಚಿತ ಲೆಕ್ಕಹಾಳೆ ತಂತ್ರಾಂಶ ಸಾಕು. ಒಂದು ಅಂಕಣದಲ್ಲಿ ವಯೋಗುಂಪು, ಎರಡನೆಯದರಲ್ಲಿ ಪುರುಷರು, ಮೂರನೆಯದರಲ್ಲಿ ಮಹಿಳೆಯರು. ಪುರುಷರ ಅಂಕಿಗಳನ್ನೆಲ್ಲ -1ರಿಂದ ಗುಣಿಸಿ, ಅಡ್ಡ ಪಟ್ಟಿಯ ಚಿತ್ರ ಆರಿಸಿ, ಪಟ್ಟಿಗಳ ಅತಿವ್ಯಾಪ್ತಿಯನ್ನು ಶೇ 100ಕ್ಕೂ ನಡುವಿನ ಜಾಗವನ್ನು ಶೇ 10ರ ಆಸುಪಾಸಿಗೂ ಇಡಬೇಕು. ಅಕ್ಷದ ಅಂಕಿ ವಿನ್ಯಾಸದಲ್ಲಿ 0;0 ಎಂದು ಬರೆದರೆ ಋಣ ಚಿಹ್ನೆ ಮಾಯವಾಗುತ್ತದೆ. ಎರಡು ಪ್ರದೇಶಗಳನ್ನು ಹೋಲಿಸುವುದಾದರೆ ಸಂಖ್ಯೆಯ ಬದಲು ಒಟ್ಟು ಜನಸಂಖ್ಯೆಯ ಶೇಕಡಾ ಪಾಲನ್ನು ಹಾಕಿ, ಎರಡೂ ಚಿತ್ರದ ಅಕ್ಷ ಒಂದೇ ಉದ್ದವಿರಲಿ. ಒಂದೊಂದೇ ವಯಸ್ಸಿನ ಚಿತ್ರದಲ್ಲಿ 30, 35, 40, 45ರಂಥ ಕಡೆ ಪಟ್ಟಿಗಳು ಚೂಪಾಗಿ ಹೊರಗೆ ಚಾಚಿದ್ದರೆ, ಅಷ್ಟು ಜನ ಆ ವರ್ಷವೇ ಹುಟ್ಟಿದರೆಂದಲ್ಲ. ಹುಟ್ಟಿದ ದಿನದ ದಾಖಲೆ ಇಲ್ಲದವರು ದುಂಡು ಸಂಖ್ಯೆ ಹೇಳಿದ್ದಾರೆ. ಇದನ್ನು ಅಳೆಯಲು ವಿಪಲ್ ಸೂಚ್ಯಂಕವಿದೆ: 100 ಬಂದರೆ ದೋಷವಿಲ್ಲ, 500 ಬಂದರೆ ಎಲ್ಲರೂ 0 ಅಥವಾ 5ರಲ್ಲಿ ಮುಗಿಯುವ ವಯಸ್ಸನ್ನೇ ಹೇಳಿದ್ದಾರೆ.

ನಕ್ಷೆಗೆ ಬರೋಣ. ಅತಿ ಹೆಚ್ಚು ತಪ್ಪು ನಡೆಯುವುದು ಇಲ್ಲೇ. ಶಾಲೆ ಬಿಟ್ಟ ಮಕ್ಕಳ ಒಟ್ಟು ಸಂಖ್ಯೆಯನ್ನು ಪ್ರದೇಶಗಳಿಗೆ ಬಣ್ಣವಾಗಿ ತುಂಬಿದರೆ ಜನ ಎಲ್ಲಿ ಹೆಚ್ಚಿದ್ದಾರೋ ಅಲ್ಲಿ ಬಣ್ಣ ಗಾಢವಾಗುತ್ತದೆ, ಬೇರೇನೂ ತಿಳಿಯುವುದಿಲ್ಲ. ಬಣ್ಣ ತುಂಬುವುದಾದರೆ ದರವನ್ನೇ ತುಂಬಬೇಕು, ಅದೂ ಸರಿಯಾದ ಛೇದದಿಂದ ಭಾಗಿಸಿದ ದರವನ್ನು. ಶಾಲೆ ಬಿಟ್ಟವರಿಗೆ ಛೇದ ಶಾಲಾ ವಯಸ್ಸಿನ ಮಕ್ಕಳು, ಒಟ್ಟು ಜನಸಂಖ್ಯೆಯಲ್ಲ. ಸಂಖ್ಯೆಯನ್ನೇ ತೋರಿಸಬೇಕಿದ್ದರೆ ವೃತ್ತ ಬಳಸಿ, ವೃತ್ತದ ವಿಸ್ತೀರ್ಣ ಸಂಖ್ಯೆಗೆ ತಕ್ಕಂತಿರಲಿ. ತ್ರಿಜ್ಯವನ್ನು ಎರಡು ಪಟ್ಟು ಮಾಡಿದರೆ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ತ್ರಿಜ್ಯಕ್ಕೆ ಸಂಖ್ಯೆಯ ವರ್ಗಮೂಲವನ್ನು ಕೊಡಬೇಕು.

ಬಣ್ಣದ ಹಂತಗಳನ್ನು ಎಲ್ಲಿ ಕತ್ತರಿಸುತ್ತೇವೆ ಎಂಬುದರ ಮೇಲೂ ನಕ್ಷೆ ಬದಲಾಗುತ್ತದೆ. ಒಂಬತ್ತು ಪ್ರದೇಶಗಳ ದರ 2, 3, 4, 5, 6, 7, 8, 9, 40 ಎಂದಿರಲಿ. ಸಮ ಅಂತರದ ನಾಲ್ಕು ಹಂತ ಮಾಡಿದರೆ ಮೊದಲ ಎಂಟೂ ತಿಳಿಬಣ್ಣದಲ್ಲಿ, ಕೊನೆಯದೊಂದೇ ಗಾಢ. ನಡುವಿನ ಎರಡು ಬಣ್ಣ ಖಾಲಿ. ಹಂತಕ್ಕೆ ಮೂರು ಮೂರು ಪ್ರದೇಶ ಬರುವಂತೆ ಕತ್ತರಿಸಿದರೆ 8, 9, 40 ಮೂರೂ ಒಂದೇ ಬಣ್ಣ. ತಂತ್ರಾಂಶ ತಾನಾಗಿ ಕೊಟ್ಟದ್ದನ್ನು ಒಪ್ಪಿಕೊಳ್ಳುವ ಮೊದಲು ದತ್ತಾಂಶವನ್ನು ಚುಕ್ಕಿಗಳಾಗಿ ಒಂದು ಗೆರೆಯ ಮೇಲೆ ಇಟ್ಟು ನೋಡಿ, ಸಹಜವಾದ ಬಿರುಕು ಎಲ್ಲಿದೆಯೋ ಅಲ್ಲಿ ಕತ್ತರಿಸುವುದು ಒಳ್ಳೆಯದು. ಹಂತಗಳು ನಾಲ್ಕರಿಂದ ಆರು ಸಾಕು. ಜಗತ್ತಿನ ನಕ್ಷೆಯಾದರೆ ಮರ್ಕೇಟರ್ ಪ್ರಕ್ಷೇಪ (ದುಂಡು ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸುವ ಒಂದು ಕ್ರಮ) ಬೇಡವೇ ಬೇಡ. ಅದರಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ, ನಿಜದಲ್ಲಿ ಆಫ್ರಿಕಾ ಅದರ ಸುಮಾರು 14 ಪಟ್ಟು. 2018ರಲ್ಲಿ ಬಂದ ಈಕ್ವಲ್ ಅರ್ಥ್‌ನಂಥ, ವಿಸ್ತೀರ್ಣವನ್ನು ಉಳಿಸಿಕೊಳ್ಳುವ ಪ್ರಕ್ಷೇಪ ಬಳಸಿ.

ಸಣ್ಣ ಪ್ರದೇಶಗಳ ದರವನ್ನು ಪಟ್ಟಿಯ ತುದಿಗಳಲ್ಲಿ ಕಂಡು ಗಾಬರಿಯಾಗುವುದೂ ಹಿಗ್ಗುವುದೂ ಬೇಡ. ಸಾವಿರಕ್ಕೆ 10 ಶಿಶುಮರಣವಿರುವ ಕಡೆ 400 ಜನನಗಳಾದರೆ 4 ಸಾವು ನಿರೀಕ್ಷಿತ. ಬರೀ ಆಕಸ್ಮಿಕದಿಂದಲೇ ಅದು 2 ಅಥವಾ 6 ಆಗುವುದು ಸಾಮಾನ್ಯ, ಅಂದರೆ ದರ 5 ಅಥವಾ 15. ಅದೇ 40,000 ಜನನಗಳ ಕಡೆ 400 ಸಾವು ನಿರೀಕ್ಷಿತ, ಏರಿಳಿತ 20ರಷ್ಟು, ದರ 9.5ರಿಂದ 10.5ರೊಳಗೆ ಆಡುತ್ತಿರುತ್ತದೆ. ಅಮೆರಿಕದ ಕೌಂಟಿಗಳಲ್ಲಿ (ನಮ್ಮ ಜಿಲ್ಲೆಯಂಥ ಆಡಳಿತ ಘಟಕಗಳಲ್ಲಿ) ಮೂತ್ರಪಿಂಡ ಕ್ಯಾನ್ಸರಿನ ದರ ಅತಿ ಕಡಿಮೆ ಇರುವುದೂ ಅತಿ ಹೆಚ್ಚಿರುವುದೂ ಕಡಿಮೆ ಜನರಿರುವ ಗ್ರಾಮೀಣ ಕೌಂಟಿಗಳಲ್ಲೇ ಎಂಬುದು ಇದಕ್ಕೆ ಪ್ರಸಿದ್ಧ ನಿದರ್ಶನ. ಅಡ್ಡ ಅಕ್ಷದಲ್ಲಿ ಜನಸಂಖ್ಯೆ, ಲಂಬ ಅಕ್ಷದಲ್ಲಿ ದರ ಇಟ್ಟು, ಆಕಸ್ಮಿಕದ ಮಿತಿಯನ್ನು ಲಾಳಿಕೆಯಾಕಾರದ ಎರಡು ಗೆರೆಗಳಲ್ಲಿ ಎಳೆದರೆ ಯಾವ ಊರು ನಿಜವಾಗಿಯೂ ಬೇರೆ, ಯಾವುದು ಅಲ್ಲ ಎಂಬುದು ಒಂದೇ ನೋಟಕ್ಕೆ ಸಿಗುತ್ತದೆ. ಅಥವಾ ಮೂರು ಇಲ್ಲವೇ ಐದು ವರ್ಷದ ಅಂಕಿಗಳನ್ನು ಕೂಡಿಸಿ.

ಮಾದರಿ ಸಮೀಕ್ಷೆಯಲ್ಲೂ ಇದೇ ಕಷ್ಟ. ಉಪಗುಂಪಿನಲ್ಲಿ 100 ಜನರಿದ್ದರೆ ಶೇ 50 ಎಂಬ ಅಂದಾಜಿನ ಆಚೀಚೆ ಸುಮಾರು 10 ಅಂಶಗಳ ಅನಿಶ್ಚಿತತೆ ಇರುತ್ತದೆ, 400 ಜನರಿದ್ದರೆ 5, 1,000 ಜನರಿದ್ದರೆ 3. ಮನೆಗಳನ್ನು ಗುಚ್ಛಗಳಾಗಿ ಆರಿಸಿದ ಸಮೀಕ್ಷೆಯಲ್ಲಿ ಇದು ಇನ್ನೂ ಹೆಚ್ಚು. ಸಮತೆಯ ಪ್ರಶ್ನೆಗೆ ಗುಂಪುಗಳನ್ನು ಬಿಡಿಸಲೇಬೇಕು, ಬಿಡಿಸಿದಷ್ಟೂ ಅಂಕಿ ಅಲುಗಾಡುತ್ತದೆ. ಬಿಡಿಸುವುದನ್ನು ಕೈಬಿಡುವುದು ಇದಕ್ಕೆ ಉತ್ತರವಲ್ಲ; ಪ್ರತಿ ಚುಕ್ಕಿಗೂ ಅನಿಶ್ಚಿತತೆಯ ಗೆರೆ ಹಾಕಿ ತೋರಿಸಬೇಕು.

ಸಾಧನಗಳಲ್ಲಿ ಯಾವುದು ಯಾವುದಕ್ಕೆ? ಮೊದಲ ಸಲ ಈ ಲೋಕಕ್ಕೆ ಬರುವವರಿಗೆ ಗ್ಯಾಪ್‌ಮೈಂಡರ್ ಎಂಬ ಜಾಲತಾಣ ಒಳ್ಳೆಯದು. ಅಡ್ಡಕ್ಕೆ ವರಮಾನ, ಲಂಬಕ್ಕೆ ಜೀವಿತಾವಧಿ, ಗುಳ್ಳೆಯ ಗಾತ್ರಕ್ಕೆ ಜನಸಂಖ್ಯೆ, ವರ್ಷ ಉರುಳಿದಂತೆ ಗುಳ್ಳೆಗಳು ಚಲಿಸುತ್ತವೆ. ವರಮಾನದ ಅಕ್ಷದಲ್ಲಿ ಪ್ರತಿ ಹೆಜ್ಜೆಯೂ ಇಮ್ಮಡಿ: 1,000ದಿಂದ 2,000ಕ್ಕೆ ಇರುವ ಜಾಗವೇ 32,000ದಿಂದ 64,000ಕ್ಕೂ ಇರುತ್ತದೆ. ಇದನ್ನು ತರಗತಿಯಲ್ಲಿ ಮೊದಲೇ ಹೇಳದಿದ್ದರೆ ಮಕ್ಕಳು ಅಂತರವನ್ನು ತೀರಾ ಕಡಿಮೆ ಅಂದುಕೊಳ್ಳುತ್ತಾರೆ. ಪ್ರತಿ ಗುಳ್ಳೆಯೂ ಒಂದು ದೇಶದ ಸರಾಸರಿಯಾದ್ದರಿಂದ ದೇಶದೊಳಗಿನ ಅಸಮಾನತೆ ಅದರಲ್ಲಿ ಕಾಣುವುದಿಲ್ಲ. ಅವರ್ ವರ್ಲ್ಡ್ ಇನ್ ಡೇಟಾ ತಾಣದಲ್ಲಿ ಚಿತ್ರದ ಪಕ್ಕದಲ್ಲೇ ಕೋಷ್ಟಕವನ್ನೂ ತೆರೆಯಬಹುದು, ಮೂಲವನ್ನು ಹೆಸರಿಸಿ ಮರುಬಳಕೆಯನ್ನೂ ಮಾಡಬಹುದು.

ಸ್ವಂತ ದತ್ತಾಂಶಕ್ಕೆ ಜಾಲದಲ್ಲೇ ಚಿತ್ರ ಬರೆಯುವ ಡೇಟಾರ‍್ಯಾಪರ್ ಸುಲಭ. ಕೋಷ್ಟಕ ಅಂಟಿಸು, ಪರಿಶೀಲಿಸು, ಚಿತ್ರ ಆರಿಸು, ಪ್ರಕಟಿಸು ಎಂಬ ನಾಲ್ಕೇ ಮೆಟ್ಟಿಲು. ಎರಡನೇ ಮೆಟ್ಟಿಲನ್ನು ಹಾರಿಸಬೇಡಿ. ಅಂಕಿಯ ನಡುವೆ ‘ಲಭ್ಯವಿಲ್ಲ’ ಎಂಬ ಪದವೋ ಒಂದು ಖಾಲಿ ಜಾಗವೋ ಸೇರಿಕೊಂಡರೆ ಇಡೀ ಅಂಕಣ ಅಕ್ಷರವಾಗಿಬಿಡುತ್ತದೆ. ನಕ್ಷೆಯ ಆಳವಾದ ಕೆಲಸಕ್ಕೆ ಕ್ಯೂಜಿಐಎಸ್ ಎಂಬ ತಂತ್ರಾಂಶ ಇದೆ, ಉಚಿತ ಮತ್ತು ಮುಕ್ತ. ಅದರಲ್ಲಿ ಜನಸಂಖ್ಯೆಯ ಕೋಷ್ಟಕವನ್ನು ಗಡಿಗಳ ಕಡತಕ್ಕೆ ಜೋಡಿಸುವಾಗ ಊರಿನ ಹೆಸರಿನಿಂದ ಜೋಡಿಸಬೇಡಿ, ಸಂಕೇತ ಸಂಖ್ಯೆಯಿಂದ ಜೋಡಿಸಿ. ಹೆಸರಿನ ಒಂದು ಅಕ್ಷರ ಬೇರೆಯಾದರೂ ಆ ಪ್ರದೇಶ ನಕ್ಷೆಯಿಂದ ಮಾಯ. ಸಂಕೇತದ ಅಂಕಣವನ್ನು ಪಠ್ಯವೆಂದೇ ಓದಿಸಬೇಕು, ಇಲ್ಲದಿದ್ದರೆ 012 ಎಂಬುದು 12 ಆಗಿ ಜೋಡಣೆ ತಪ್ಪುತ್ತದೆ. ಗಡಿಗಳು ಯಾವ ವರ್ಷದವು ಎಂಬುದನ್ನೂ ನೋಡಿ: ಪ್ರದೇಶ ಒಡೆದು ಎರಡಾದ ಮೇಲೆ ಹಳೆಯ ಅಂಕಿಯನ್ನು ಹೊಸ ಗಡಿಗೆ ತುಂಬಿದರೆ ಜನಸಂಖ್ಯೆ ಒಮ್ಮೆಲೇ ಕುಸಿದಂತೆ ಕಾಣುತ್ತದೆ. ಟ್ಯಾಬ್ಲೋ ಪಬ್ಲಿಕ್ ಎಂಬ ಚಿತ್ರ ಬರೆಯುವ ಸಾಧನ ಉಚಿತವಾದರೂ ಅಲ್ಲಿ ಪ್ರಕಟಿಸಿದ್ದು ಎಲ್ಲರಿಗೂ ಕಾಣುತ್ತದೆ. ಮನೆ ಮನೆಯ ಮಾಹಿತಿಯನ್ನು ಅಲ್ಲಿ ಹಾಕಲೇಬಾರದು.

ಕನ್ನಡದಲ್ಲಿ ಮಾಡುವವರಿಗೆ ಎರಡು ಮಾತು. ಯೂನಿಕೋಡ್ ಇಲ್ಲದ ಹಳೆಯ ಫಾಂಟಿನ ಪಠ್ಯವನ್ನು ಮೊದಲೇ ಯೂನಿಕೋಡಿಗೆ ಬದಲಿಸಿಕೊಳ್ಳಿ. ಯೂನಿಕೋಡನ್ನು ಬರೆದಿಡುವ ಯುಟಿಎಫ್-8 ಕ್ರಮದ, ಅಲ್ಪವಿರಾಮದಿಂದ ಬೇರ್ಪಟ್ಟ ಅಂಕಣಗಳ ಸಿಎಸ್‌ವಿ ಕಡತವನ್ನು ಎಕ್ಸೆಲ್‌ನಲ್ಲಿ ನೇರವಾಗಿ ತೆರೆದರೆ ಅಕ್ಷರಗಳು ಕಲಸಿಹೋಗಬಹುದು. ಆಮದು ಮಾಡುವಾಗ ಯುಟಿಎಫ್-8 ಎಂದು ಆರಿಸಿ. ಕೋಡ್ ಬರೆದು ಚಿತ್ರ ಮಾಡಲು ಬಳಸುವ ಪೈಥಾನ್‌ನ ಮ್ಯಾಟ್‌ಪ್ಲಾಟ್‌ಲಿಬ್‌ನ ಹಳೆಯ ಆವೃತ್ತಿಗಳಲ್ಲಿ ಒತ್ತಕ್ಷರಗಳು ಬಿಡಿಬಿಡಿಯಾಗಿ ಬೀಳುತ್ತವೆ. ಬ್ರೌಸರಿನಲ್ಲೇ ಚಿತ್ರ ಬರೆಯುವ ಸಾಧನಗಳಲ್ಲಿ ಈ ತೊಂದರೆಯಿಲ್ಲ.

ಕಣ್ಣಿಗೆ ಕಾಣುವ ಚಿತ್ರ ಎಲ್ಲರಿಗೂ ಕಾಣುತ್ತದೆಯೇ? ಉತ್ತರ ಯುರೋಪ್ ಮೂಲದ ಗಂಡಸರಲ್ಲಿ ಸುಮಾರು 12ರಲ್ಲಿ ಒಬ್ಬರಿಗೆ, ಹೆಂಗಸರಲ್ಲಿ 200ರಲ್ಲಿ ಒಬ್ಬರಿಗೆ ಕೆಂಪು ಹಸಿರಿನ ವ್ಯತ್ಯಾಸ ಸರಿಯಾಗಿ ತಿಳಿಯುವುದಿಲ್ಲ. ಬೇರೆ ಜನರಲ್ಲಿ ಪ್ರಮಾಣ ಬೇರೆಯಾದರೂ ಎಲ್ಲ ಕಡೆಯೂ ಇಂಥವರಿದ್ದಾರೆ. ಹಾಗಿದ್ದೂ ಒಳ್ಳೆಯದಕ್ಕೆ ಹಸಿರು, ಕೆಟ್ಟದ್ದಕ್ಕೆ ಕೆಂಪು ಎಂಬ ಪದ್ಧತಿ ಬಿಟ್ಟಿಲ್ಲ. ನಕ್ಷಾತಜ್ಞೆ ಸಿಂಥಿಯಾ ಬ್ರೂವರ್ ರೂಪಿಸಿದ ಕಲರ್‌ಬ್ರೂವರ್ ತಾಣದಲ್ಲಿ ಇಂಥವರಿಗೂ ತಿಳಿಯುವ ಬಣ್ಣಗಳನ್ನಷ್ಟೇ ಸೋಸಿ ತೆಗೆಯಬಹುದು. ನೀಲಿ, ಕಿತ್ತಳೆ ಜೋಡಿ ಸಾಮಾನ್ಯವಾಗಿ ಕೈಕೊಡುವುದಿಲ್ಲ. ಜಾಲತಾಣಗಳನ್ನು ಅಂಗವಿಕಲರೂ ಬಳಸುವಂತಾಗಲೆಂದು ರೂಪಿಸಿದ 2018ರ ಡಬ್ಲ್ಯುಸಿಎಜಿ 2.1 ಮಾರ್ಗಸೂಚಿಯ ಪ್ರಕಾರ ಚಿತ್ರದ ಮುಖ್ಯ ಭಾಗಗಳಿಗೂ ಹಿನ್ನೆಲೆಗೂ ಕನಿಷ್ಠ 3:1, ಸಾಮಾನ್ಯ ಗಾತ್ರದ ಅಕ್ಷರಗಳಿಗೆ 4.5:1 ಹೊಳಪಿನ ವ್ಯತ್ಯಾಸವಿರಬೇಕು. ಕಪ್ಪುಬಿಳುಪಿನಲ್ಲಿ ಮುದ್ರಿಸಿ ನೋಡುವುದು ಎಲ್ಲಕ್ಕಿಂತ ಸರಳ ಪರೀಕ್ಷೆ, ಪತ್ರಿಕೆಯ ಒಳಪುಟಗಳಿಗಂತೂ ಅದು ಕಡ್ಡಾಯವಾಗಬೇಕು. ಬಣ್ಣದ ಸೂಚಿಯನ್ನು ಮೂಲೆಯಲ್ಲಿಡುವ ಬದಲು ಗುಂಪಿನ ಹೆಸರನ್ನು ಗೆರೆಯ ತುದಿಯಲ್ಲೇ ಬರೆದರೆ ಬಣ್ಣದ ಮೇಲಿನ ಅವಲಂಬನೆಯೇ ತಪ್ಪುತ್ತದೆ.

ಕಣ್ಣು ಕಾಣದ ಓದುಗರಿಗೆ ಚಿತ್ರಕಡತ ಬರೀ ಮೌನ. ಪರದೆಯ ಪಠ್ಯವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಕ್ಕೆ (ಸ್ಕ್ರೀನ್ ರೀಡರ್) ಓದಲು ಅದರಲ್ಲಿ ಏನೂ ಇರುವುದಿಲ್ಲ. ಉಚಿತವಾಗಿ ಸಿಗುವ ಇಂಥದೊಂದು ತಂತ್ರಾಂಶವಾದ ಎನ್‌ವಿಡಿಎ, ಈಸ್ಪೀಕ್ ಎನ್‌ಜಿ ಧ್ವನಿಯ ನೆರವಿನಿಂದ ಕನ್ನಡವನ್ನೂ ಓದುತ್ತದೆ, ಆದರೆ ಓದಲು ಪಠ್ಯ ಬೇಕು. ‘ಶಿಶುಮರಣದ ನಕ್ಷೆ’ ಎಂದಷ್ಟೇ ಚಿತ್ರದ ವಿವರಣೆ ಬರೆದರೆ ಸಾಲದು. ಯಾವ ಬಗೆಯ ಚಿತ್ರ, ಯಾವ ಅಳತೆ, ಯಾವ ವರ್ಷ, ಮುಖ್ಯವಾಗಿ ಏನು ಕಾಣುತ್ತದೆ, ಪೂರ್ಣ ಕೋಷ್ಟಕ ಎಲ್ಲಿದೆ ಎಂಬುದೆಲ್ಲ ಎರಡು ಮೂರು ವಾಕ್ಯಗಳಲ್ಲಿ ಬರಬೇಕು. ಕೋಷ್ಟಕವೂ ಚಿತ್ರವಾಗಿರದೆ ನಿಜವಾದ ಕೋಷ್ಟಕವಾಗಿರಬೇಕು, ಸಾಲು ಅಂಕಣಗಳಿಗೆ ಶೀರ್ಷಿಕೆಯಿರಬೇಕು. ತರಗತಿಗಳಿಗೆ ಉಬ್ಬು ಕಾಗದವೂ ಒಂದು ದಾರಿ. ಅದರ ಮೇಲೆ ಕಪ್ಪಿನಲ್ಲಿ ಮುದ್ರಿಸಿ ಬಿಸಿ ಯಂತ್ರದಲ್ಲಿ ಹಾಯಿಸಿದರೆ ಗೆರೆಗಳು ಉಬ್ಬಿ ಬೆರಳಿಗೆ ಸಿಗುತ್ತವೆ. ಒಂದು ಹಾಳೆಯಲ್ಲಿ ಮೂರಕ್ಕಿಂತ ಹೆಚ್ಚು ಗೆರೆ ಇಟ್ಟರೆ ಬೆರಳು ದಾರಿ ತಪ್ಪುತ್ತದೆ, ಹಿನ್ನೆಲೆಯ ಚೌಕಳಿಯನ್ನು ಪೂರ್ತಿ ತೆಗೆಯಬೇಕು.

ಚಿತ್ರದಲ್ಲಿ ಕಾಣದ ಜನರ ವಿಚಾರ ಉಳಿಯಿತು. ಮನೆಯಿಲ್ಲದವರು, ಅಲೆಮಾರಿಗಳು, ಆಶ್ರಯಧಾಮಗಳಲ್ಲಿರುವವರು ಮನೆ ಮನೆ ಸಮೀಕ್ಷೆಯಲ್ಲಿ ಬಹುಮಟ್ಟಿಗೆ ಸಿಗುವುದೇ ಇಲ್ಲ. ಅಂಗವೈಕಲ್ಯವನ್ನು ‘ಇದೆಯೇ, ಇಲ್ಲವೇ’ ಎಂದು ಒಂದೇ ಪ್ರಶ್ನೆಯಲ್ಲಿ ಕೇಳಿದರೆ ಬಹಳ ಜನ ಇಲ್ಲ ಎನ್ನುತ್ತಾರೆ. ಅಂಗವೈಕಲ್ಯದ ಅಂಕಿಅಂಶಕ್ಕಾಗಿ ವಿಶ್ವಸಂಸ್ಥೆಯಡಿ 2001ರಲ್ಲಿ ರಚನೆಯಾದ ವಾಷಿಂಗ್ಟನ್ ಗುಂಪಿನ ಕಿರು ಪ್ರಶ್ನಾವಳಿ ಅದಕ್ಕಾಗಿಯೇ ನೋಡುವುದು, ಕೇಳುವುದು, ನಡೆಯುವುದು, ನೆನಪು, ಸ್ವಂತ ಆರೈಕೆ, ಸಂವಹನ ಎಂಬ ಆರು ಕೆಲಸಗಳಲ್ಲಿ ಎಷ್ಟು ಕಷ್ಟ ಎಂದು ಕೇಳುತ್ತದೆ. ಯಾವ ಪ್ರಶ್ನೆ ಕೇಳಿ ಎಣಿಸಿದರು ಎಂಬುದು ತಿಳಿಯದೆ ಎರಡು ಸಮೀಕ್ಷೆಗಳ ಅಂಕಿಯನ್ನು ಒಂದೇ ಗೆರೆಯಲ್ಲಿ ಜೋಡಿಸುವುದು ತಪ್ಪು. ಮಾಹಿತಿ ಇಲ್ಲದ ಪ್ರದೇಶವನ್ನು ಬಿಳಿಯಾಗಿಯೋ ಅತಿ ತಿಳಿ ಬಣ್ಣದಲ್ಲೋ ಬಿಟ್ಟರೆ ಓದುಗರು ಅದನ್ನು ಸೊನ್ನೆ ಎಂದು ಓದುತ್ತಾರೆ. ಅಲ್ಲಿಗೆ ಓರೆಗೆರೆ ತುಂಬಿ, ಸೂಚಿಯಲ್ಲಿ ‘ಮಾಹಿತಿ ಇಲ್ಲ’ ಎಂದು ಬರೆಯಿರಿ. ಗುರುತು ಬಯಲಾಗದಿರಲೆಂದು ತೀರಾ ಸಣ್ಣ ಸಂಖ್ಯೆಗಳನ್ನು ಮುಚ್ಚಿದ್ದರೆ ಒಂದೇ ಕೋಶ ಮುಚ್ಚಿ ಮೊತ್ತವನ್ನು ಬಿಡಬಾರದು, ಕಳೆದರೆ ಸಿಕ್ಕಿಬಿಡುತ್ತದೆ. ಅದೇ ಸಾಲಿನ ಇನ್ನೊಂದು ಕೋಶವನ್ನೂ ಮುಚ್ಚಬೇಕು.

ಕಪ್ಪು ಅಮೆರಿಕನ್ ಸಮಾಜಶಾಸ್ತ್ರಜ್ಞ ಡು ಬೋಯ್ಸ್ ಮತ್ತು ಅಟ್ಲಾಂಟಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು 1900ರ ಪ್ಯಾರಿಸ್ ಪ್ರದರ್ಶನಕ್ಕಾಗಿ ಕಪ್ಪು ಅಮೆರಿಕನ್ನರ ಸಾಕ್ಷರತೆ, ಭೂಮಿಯ ಒಡೆತನ, ಜನಸಂಖ್ಯೆಗಳನ್ನು ಶಾಯಿ ಬಣ್ಣಗಳಲ್ಲಿ ಕೈಯಿಂದಲೇ ಬರೆದು ತೋರಿಸಿದ್ದರು. ಇಂದು ಸಾಧನಕ್ಕೆ ಬರವಿಲ್ಲ. ನಿಮ್ಮ ಪತ್ರಿಕೆಯಲ್ಲಿ ಇನ್ನು ಮುಂದೆ ಬರುವ ಪ್ರತಿ ಜನಸಂಖ್ಯಾ ಚಿತ್ರದ ಕೆಳಗೆ ಮೂಲ, ವರ್ಷ, ಛೇದ, ಎಣಿಕೆಯಿಂದ ಹೊರಗುಳಿದವರು ಯಾರು ಎಂಬ ಒಂದು ಸಾಲನ್ನು ಹಾಕಬೇಕೆಂದೂ, ಅದರ ಕೋಷ್ಟಕವನ್ನು ಸಿಎಸ್‌ವಿ ರೂಪದಲ್ಲಿ ಪತ್ರಿಕೆಯ ಜಾಲತಾಣದಲ್ಲಿ ಇಡಬೇಕೆಂದೂ ಕೋರುತ್ತೇವೆ. ಅಂಕಿ ಪರಿಷ್ಕೃತವಾದಾಗ ಹಳೆಯ ಕಡತವನ್ನು ಅಳಿಸದೆ, ದಿನಾಂಕ ಹಾಕಿ ಹೊಸದನ್ನು ಅದರ ಪಕ್ಕದಲ್ಲೇ ಇಡಿ.

ಇತಿ,
ಅಂಕಿಅಂಶದ ಕೆಲಸದಲ್ಲಿರುವ ನಿಮ್ಮ ಓದುಗರು